ಅಮ್ಮ ಬೆನ್ನಿಗೆ ಚೀಲ ಹಾಕಿಕೊಂಡ ವರ್ಷ

ಹೋದ ಜುಲೈಯಲ್ಲಿ ಬಾಲ್ಕನಿಗೆ ಕಟ್ಟಲು ಒಂದು ತಾಡಪತ್ರಿ ಬೇಕಾಗಿ ಮುಂಬಯಿಯ ಜೋಗೇಶ್ವರಿಗೆ ಹೋಗಿದ್ದೆ. ಸ್ಟೇಷನ್ನಿನ ಆಚೆಯ ಗಲ್ಲಿಗಳಲ್ಲಿ ಲಾರಿಗಳಿಗೆ ಹೊದಿಕೆ ಹೊಲಿಯುವ ಒಂದೆರಡು ಶೆಡ್ಡುಗಳು ಈಗಲೂ ಉಳಿದಿವೆ. ಹೊರಗೆ ಜಡಿಮಳೆ. ಕೊಡೆ ಮಡಚಿ ಒಳಗೆ ಕಾಲಿಟ್ಟೆ, ಮೇಣ ಸವರಿದ ಕ್ಯಾನ್ವಾಸು ನೆನೆದಾಗ ಬರುವ ವಾಸನೆ ಮೂಗಿಗೆ ಹೊಡೆಯಿತು. ಅಂಗಡಿಯವನು "ಬೋಲೋ ಆಂಟಿ, ಕ್ಯಾ ಸೈಜ್?" ಎಂದು ಎರಡು ಸಲ ಕೇಳಿದನಂತೆ. ನನಗೆ ಕೇಳಿಸಲಿಲ್ಲ. ಎಂಬತ್ತೆಂಟರ ಮಳೆಗಾಲ, ವಡಾಲದ ಮನೆ, ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದು ನೀರು ತೊಟ್ಟಿಕ್ಕುತ್ತಿದ್ದ ಅಮ್ಮನ ಚೀಲ, ಎಲ್ಲವೂ ಒಟ್ಟಿಗೇ ಬಂದು ನಿಂತಿದ್ದವು.

ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಬಂದರಿನ ನೌಕರರಿಗೆಂದು ಕಟ್ಟಿದ ಕ್ವಾರ್ಟರ್ಸಿನ ಮೂರನೆಯ ಮಹಡಿಯಲ್ಲಿದ್ದೆವು. ಅಪ್ಪ ಮಂಡ್ಯದ ಕಡೆಯವರು, ಬಂದರಿನ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್. ಹಿಂದಿನ ಚಳಿಗಾಲದಲ್ಲಿ ಒಂದು ಸಂಜೆ ಕೆಲಸದಿಂದ ಬಂದು, ಕುರ್ಚಿಯಲ್ಲಿ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದವರು ಹಾಗೇ ಮುಂದಕ್ಕೆ ವಾಲಿ ಹೋಗಿಬಿಟ್ಟರು. ವರ್ಷದ ಕೊನೆಯೊಳಗೆ ಕ್ವಾರ್ಟರ್ಸು ಖಾಲಿ ಮಾಡಬೇಕಿತ್ತು. ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್. ಇವಳು ಹೇಗೂ ಮದುವೆಯಾಗಿ ಹೋಗುವವಳು, ಅಲ್ಲಿಯವರೆಗೆ ಲೇಡೀಸ್ ಹಾಸ್ಟೆಲ್ಲಿನಲ್ಲಿರಲಿ, ಅಮ್ಮ ಮೈಸೂರಿಗೆ ತಮ್ಮನ ಮನೆಗೆ ಹೋಗಲಿ ಎಂದು ನಮ್ಮ ಕಡೆಯ ಹಿರಿಯರೆಲ್ಲ ಸೇರಿ ತೀರ್ಮಾನಿಸಿದ್ದರು. ಅಮ್ಮನ ತಮ್ಮ ಸುಬ್ಬು ಮಾವ ಒಳ್ಳೆಯ ಮನುಷ್ಯ. ಅಕ್ಕನಿಗೆಂದು ಹಿತ್ತಿಲ ಕಡೆ ಬೇರೆ ರೂಮು ಕಟ್ಟಿಸಲು ಆಗಲೇ ಶುರುಮಾಡಿದ್ದ. ಎಲ್ಲವೂ ಸರಿಯಾಗಿತ್ತು. ಅಮ್ಮನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅಮ್ಮನ ಹೆಸರು ಜಾನಕಮ್ಮ. ಕುಳ್ಳಗೆ, ದುಂಡಗೆ, ಸಿಡುಕು ಸ್ವಭಾವ. ಹತ್ತೊಂಬತ್ತಕ್ಕೆ ಮದುವೆಯಾಗಿ ಮುಂಬಯಿಗೆ ಬಂದವಳು, ಐವತ್ತರ ಹತ್ತಿರ ಬಂದರೂ ನೋಡಿದ್ದು ವಡಾಲ, ಮಾಟುಂಗಾದ ಮಾರ್ಕೆಟ್ಟು, ದಾದರಿನ ಬಟ್ಟೆ ಅಂಗಡಿ, ಅಷ್ಟೇ. ಅಪ್ಪನಿಗೆ ಪ್ರಯಾಣವೆಂದರೆ ಆಗುತ್ತಿರಲಿಲ್ಲ. ದೇಶ ನೋಡಿ ಬನ್ನಿ ಎಂದು ಕಚೇರಿಯವರು ರಜೆ, ರೈಲಿನ ಪಾಸು ಕೊಟ್ಟಾಗಲೆಲ್ಲ ನಾವು ಹೋಗುತ್ತಿದ್ದುದು ಮೈಸೂರಿಗೇ. ಒಮ್ಮೆ ಅಮ್ಮ ಕನ್ಯಾಕುಮಾರಿಗೆ ಹೋಗೋಣ ಅಂದಿದ್ದಕ್ಕೆ ಅಪ್ಪ, "ಅಲ್ಲಿ ಏನಿದೆ ಜಾನಕಿ, ನೀರು ತಾನೆ? ಟೆರೇಸಿಗೆ ಹೋದ್ರೆ ಇಲ್ಲೂ ಕಾಣತ್ತೆ" ಎಂದಿದ್ದರಂತೆ. ಅಮ್ಮ ಇದನ್ನು ನಗುತ್ತಲೇ ಹೇಳುತ್ತಿದ್ದಳು. ಆದರೆ ಬಹಳ ಸಲ ಹೇಳುತ್ತಿದ್ದಳು.

ದೇಶ ಸುತ್ತುವ ಯೋಜನೆ ನಿಜವಾಗಿ ನನ್ನದು ಮತ್ತು ಲತಾಳದು. ಲತಾ ನನ್ನ ಕಾಲೇಜಿನ ಗೆಳತಿ, ಜೋಗೇಶ್ವರಿಯಲ್ಲಿ ಅವಳ ತಂದೆಯ ಉಡುಪಿ ಹೋಟೆಲು. ಕಾಲೇಜಿನಲ್ಲಿದ್ದಾಗ ನಾವಿಬ್ಬರೂ ಒಂದು ಟ್ರೆಕ್ಕಿಂಗ್ ಗುಂಪಿನ ಜೊತೆ ಲೋನಾವಳ, ಕರ್ಜತ್ ಎಂದು ಸುತ್ತಿದ್ದೆವು. ಮಳೆ ನಿಂತ ಮೇಲೆ ಮದ್ರಾಸು, ಅಲ್ಲಿಂದ ಹಡಗಿನಲ್ಲಿ ಅಂಡಮಾನು, ಆಮೇಲೆ ಕಲ್ಕತ್ತೆ, ಪುರಿ, ಹಾಗೇ ಕಡಲ ಪಕ್ಕದಲ್ಲೇ ಇಳಿಯುತ್ತ ಕನ್ಯಾಕುಮಾರಿ, ಕೇರಳದ ಕಾಡು ಹಾದು ಮಂಗಳೂರು, ಕಡೆಗೆ ಮುಂಬಯಿ. ಲತಾಳ ಅಪ್ಪನ ಹೋಟೆಲಿನ ಹಿಂದೆಯೇ ತಾಡಪತ್ರಿ ಹೊಲಿಯುವ ಶೆಡ್ಡಿತ್ತು. ಅಲ್ಲಿ ಮಿಲಿಟರಿ ಹಸಿರಿನ ಕ್ಯಾನ್ವಾಸಿನಲ್ಲಿ ಎರಡು ಬೆನ್ನುಚೀಲ ಹೊಲಿಸಿದ್ದೆವು. ನನ್ನ ಆಫೀಸಿನಲ್ಲಿ ಸಂಬಳವಿಲ್ಲದ ರಜೆಗೂ ಒಪ್ಪಿಗೆ ಸಿಕ್ಕಿತ್ತು.

ಜೂನಿನ ಮೊದಲ ಮಳೆಯ ವಾರದಲ್ಲಿ ಲತಾ ತನ್ನ ಚೀಲವನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ನೆನೆದು ತೊಪ್ಪೆಯಾಗಿದ್ದಳು. ಚೀಲವನ್ನು ನೆಲಕ್ಕಿಟ್ಟು, "ಇದು ನೀನೇ ಇಟ್ಕೊ ಮಾರಾಯ್ತಿ" ಅಂದಳು.

"ಯಾಕೆ?"

"ಮದುವೆ ಗೊತ್ತಾಯ್ತು. ಮಂಗಳೂರಿನ ಹುಡುಗ. ಅಕ್ಟೋಬರಿಗೇ ಆಗ್ಬೇಕಂತೆ. ನಾನು ಎಂತ ಮಾಡ್ಲಿ ಹೇಳು? ಹುಡುಗ ಪಾಪ ಒಳ್ಳೆಯವನೇ ಉಂಟು."

ನನಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಒಬ್ಬಳೇ ಹೋಗುವ ಧೈರ್ಯ ನನಗಿರಲಿಲ್ಲ. ಅಮ್ಮ ಒಳಗಿನಿಂದ ಟವೆಲ್ಲು ತಂದು ಲತಾಳ ತಲೆ ಒರೆಸಿದಳು, ಕಾಫಿ ಕೊಟ್ಟಳು, ಮದುವೆಯ ವಿಷಯ ಕೇಳಿ ಸಂತೋಷಪಟ್ಟಳು. ಲತಾ ಹೊರಟ ಮೇಲೆ ಚೀಲವನ್ನು ಕಾಲಿನಿಂದ ಸ್ವಲ್ಪ ತಳ್ಳಿ ನೋಡಿ, "ಇದಕ್ಕೆ ಎಷ್ಟು ತೂಕ ತುಂಬ್ತಾರೆ?" ಎಂದು ಕೇಳಿದಳು.

"ಇನ್ನು ಯಾಕಮ್ಮ ಅದು? ಬಿಡು."

"ಕೇಳಿದ್ದಕ್ಕೆ ಹೇಳೇ. ನಾನು ಬರ್ತೀನಿ."

ನಾನು ನಕ್ಕುಬಿಟ್ಟೆ. ಅಮ್ಮ ನಗಲಿಲ್ಲ. ಅಡುಗೆಮನೆಗೆ ಹೋಗಿ ಅಕ್ಕಿಯ ಡಬ್ಬಿ, ತೊಗರಿಬೇಳೆಯ ಡಬ್ಬಿ ತಂದು ಚೀಲದೊಳಗಿಟ್ಟಳು. ಪಟ್ಟಿಗಳೊಳಗೆ ಕೈ ತೂರಿಸುವುದು ಗೊತ್ತಾಗದೆ ಒಂದು ಸುತ್ತು ಸುತ್ತಿದಳು. ನಾನೇ ಎದ್ದು ಹಾಕಿಕೊಟ್ಟೆ. ಸೆರಗನ್ನು ಸೊಂಟಕ್ಕೆ ಬಿಗಿದು, ಬಾಗಿಲು ತೆಗೆದು, ಮೆಟ್ಟಿಲಿಳಿದು ಹೋದಳು. ಕೆಳಗಿನವರೆಗೂ ಹೋಗಿ ಮತ್ತೆ ಮೇಲೆ ಬರುವಷ್ಟರಲ್ಲಿ ಮುಖ ಕೆಂಪಾಗಿ, ಉಸಿರು ಸಿಕ್ಕದೆ, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಎದುರು ಮನೆಯ ಕುಲಕರ್ಣಿ ಬಾಯಿ ಬಾಗಿಲಿಗೆ ಬಂದು, "ಅಹೋ ಜಾನಕೀಬಾಯಿ, ಕುಠೇ ನಿಘಾಲಾತ?" ಎಂದು ಗಾಬರಿಯಿಂದ ಕೇಳಿದರು, ಎಲ್ಲಿಗೆ ಹೊರಟಿರಿ ಅಂತ.

"ಅಂಡಮಾನ್" ಅಂದಳು ಅಮ್ಮ.

ಆ ಮಳೆಗಾಲವಿಡೀ ಅಮ್ಮ ಮೆಟ್ಟಿಲು ಹತ್ತಿದಳು. ಬೆಳಿಗ್ಗೆ ನಾನು ಆಫೀಸಿಗೆ ಹೊರಡುವಾಗ ಚೀಲ ಹೊತ್ತು ಇಳಿಯುತ್ತಿದ್ದಳು, ಸಂಜೆ ಬರುವಾಗ ಹತ್ತುತ್ತಿದ್ದಳು. ಮೊದಮೊದಲು ಬಿಲ್ಡಿಂಗಿನವರು ಗಂಡ ಹೋದ ದುಃಖಕ್ಕೆ ಹೀಗಾಗಿದೆ ಎಂದುಕೊಂಡರು. ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಒಳ್ಳೆಯ ಡಾಕ್ಟರರ ಹೆಸರೂ ಹೇಳಿದರು. ಜುಲೈ ಹೊತ್ತಿಗೆ ಅಮ್ಮ ಮೆಟ್ಟಿಲು ಬಿಟ್ಟು ರಸ್ತೆಗೆ ಇಳಿದಳು. ವಡಾಲದಿಂದ ಫೈವ್ ಗಾರ್ಡನ್ಸ್, ಅಲ್ಲಿಂದ ಮಾಟುಂಗಾ, ದಾದರಿನ ಸೇತುವೆ ದಾಟಿ ಶಿವಾಜಿ ಪಾರ್ಕಿನ ಕಡಲತೀರ. ಮಳೆಯಲ್ಲಿ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು, ಚಪ್ಪಲಿ ಕಿತ್ತು ಹೋಗುತ್ತಿತ್ತು. ಬಿಳಿ ಕ್ಯಾನ್ವಾಸ್ ಬೂಟು ಕೊಂಡೆವು. ಸೀರೆಯ ಸಮಸ್ಯೆ ಉಳಿಯಿತು.

ಒಂದು ಭಾನುವಾರ ಅಮ್ಮ ಮಾಟುಂಗಾದ ಟೈಲರನ ಹತ್ತಿರದಿಂದ ಒಂದು ಪೊಟ್ಟಣ ತಂದಳು. ಒಳಗೆ ಎರಡು ಜೊತೆ ಸಲ್ವಾರ್ ಕಮೀಜು, ಒಂದು ಬೂದು, ಒಂದು ಕಂದು. ಹಾಕಿಕೊಂಡು ಹಾಲಿಗೆ ಬಂದು ನಿಂತಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಸೊಂಟದ ಮೇಲೆ, ಒಮ್ಮೆ ಹಿಂದಕ್ಕೆ ಇಟ್ಟುಕೊಳ್ಳುತ್ತಿದ್ದಳು. ಈಗಿನವರಿಗೆ ಇದು ದೊಡ್ಡ ಸಂಗತಿ ಅನ್ನಿಸಲಿಕ್ಕಿಲ್ಲ. ಆಗ ನಮ್ಮ ಮನೆತನದಲ್ಲಿ ಮದುವೆಯಾದ ಒಬ್ಬ ಹೆಂಗಸೂ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಗಂಡ ಹೋಗಿ ವರ್ಷ ತುಂಬದವಳು ಉಡುವುದಂತೂ ಯೋಚಿಸುವ ಮಾತೇ ಅಲ್ಲ.

"ಜನ ಏನಂತಾರೋ" ಎಂದೆ. ಅಷ್ಟು ಓದಿದ ನನ್ನ ಬಾಯಿಂದ ಮೊದಲು ಬಂದ ಮಾತೇ ಅದು.

"ಸೀರೆ ಉಟ್ಟು ಹಡಗಿನ ಏಣಿ ಹತ್ತೋಕಾಗತ್ತೇನೆ? ಜನ ಬಂದು ಹತ್ತಿಸ್ತಾರಾ?" ಎಂದು ಕೇಳಿ, ಹಾಗೇ ಚಪ್ಪಲಿ ಮೆಟ್ಟಿ ಹಾಲು ತರಲು ಇಳಿದು ಹೋದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕೆಳಗೆ ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಅಮ್ಮನ ನಡಿಗೆ ನಿಧಾನವಾಯಿತು. ನಿಂತೇಬಿಡುತ್ತಾಳೆ, ವಾಪಸು ಬರುತ್ತಾಳೆ ಅಂದುಕೊಂಡೆ. ಅವರ ಹತ್ತಿರವೇ ಹೋಗಿ ಏನೋ ಕೇಳಿದಳು, ಅವರೂ ಏನೋ ಹೇಳಿದರು, ಆಮೇಲೆ ಹಾಲಿನ ಬೂತಿನ ಕಡೆ ತಿರುಗಿದಳು. ಬಂದ ಮೇಲೆ ಏನು ಕೇಳಿದೆ ಎಂದರೆ, "ನೀರು ಎಷ್ಟೊತ್ತಿಗೆ ಬರತ್ತೆ ಅಂತ" ಅಂದಳು. ನೀರು ಬರುವ ಹೊತ್ತು ಅವಳಿಗಿಂತ ಚೆನ್ನಾಗಿ ಆ ಕಾಲೊನಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಗಸ್ಟಿನಲ್ಲಿ ಒಂದು ದಿನ ಬೋರಿವಲಿಯ ಕಾಡಿಗೆ ಕರೆದುಕೊಂಡು ಹೋದೆ. ವಡಾಲದಿಂದ ಹಾರ್ಬರ್ ಲೈನಿನಲ್ಲಿ ಬಾಂದ್ರಾ, ಅಲ್ಲಿ ಬದಲಿಸಿ ಬೋರಿವಲಿ ಲೋಕಲ್. ಲೇಡೀಸ್ ಡಬ್ಬಿಯಲ್ಲಿ ಬೆನ್ನಿನ ಚೀಲಗಳು ಎಲ್ಲರಿಗೂ ಬಡಿಯುತ್ತಿದ್ದವು. ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಬೆಸ್ತರ ಹೆಂಗಸೊಬ್ಬಳು, "ಏ ಬಾಯೀ, ಬೋಜಾ ಖಾಲೀ ಠೇವ್!" ಎಂದು ರೇಗಿದಳು. ಅಮ್ಮ ಚೀಲ ಇಳಿಸಿ ಅವಳ ಬುಟ್ಟಿಯ ಪಕ್ಕದಲ್ಲೇ ಇಟ್ಟಳು. ಜನ್ಮದಲ್ಲಿ ಮೀನು ಮುಟ್ಟದವಳು, ಮಲಾಡ್ ಬರುವ ಹೊತ್ತಿಗೆ ಯಾವ ಕಾಲದಲ್ಲಿ ಯಾವ ಮೀನು ಸಿಗುತ್ತದೆಂದು ಅವಳಿಂದ ಕೇಳಿ ತಿಳಿದುಕೊಂಡಿದ್ದಳು.

ಕಾಡಿನಲ್ಲಿ ತೊರೆ ದಾಟುವಾಗ ಅಮ್ಮ ಜಾರಿ ಬಿದ್ದಳು. ಪಾಚಿ ಕಟ್ಟಿದ ಬಂಡೆ. ಬೆನ್ನಿನ ಭಾರಕ್ಕೆ ಆಮೆಯ ಹಾಗೆ ಅಂಗಾತ ಬಿದ್ದು ಏಳಲಾಗದೆ ಕೈಕಾಲು ಆಡಿಸಿದಳು. ಎಬ್ಬಿಸಿ ಕೂರಿಸಿದೆ. ಮಂಡಿ ತರಚಿ ರಕ್ತ ಬರುತ್ತಿತ್ತು. ಅವಳ ಕಣ್ಣಿನಲ್ಲಿ ನೀರು ನೋಡಿ ನನ್ನ ತಾಳ್ಮೆ ತಪ್ಪಿತು.

"ಸಾಕಮ್ಮ ಇದು. ಇಲ್ಲೇ ಹೀಗಾದ್ರೆ ಅಲ್ಲಿ ನಿನ್ನನ್ನ ಯಾರು ನೋಡ್ಕೋತಾರೆ? ಸುಮ್ನೆ ಮೈಸೂರಿಗೆ ಹೋಗು."

ಅಮ್ಮ ಬಹಳ ಹೊತ್ತು ಮಂಡಿಯ ಮೇಲೆ ನೀರು ಹಾಕಿಕೊಳ್ಳುತ್ತ ಕೂತಿದ್ದಳು. ಆಮೇಲೆ ಹೇಳಿದಳು: "ನೋಡು ವಸುಧಾ. ಸುಬ್ಬು ನನ್ನನ್ನ ಚೆನ್ನಾಗೇ ನೋಡ್ಕೋತಾನೆ. ಅವನ ಹೆಂಡತೀನೂ ಒಳ್ಳೆಯವಳು. ಹೋದೆ ಅಂದ್ರೆ ನಾನು ಇನ್ನು ಎಲ್ಲಿಗೂ ಹೋಗಲ್ಲ. ಅದಕ್ಕೇ ಮೊದಲು ಇದು." ನನ್ನ ಭುಜ ಹಿಡಿದು ಎದ್ದಳು. ವಾಪಸು ಹೋಗೋಣವೆಂದು ನಾನು ತಿರುಗಿದೆ. ಅವಳು ತೊರೆಯ ಕಡೆಗೇ ನಡೆದು, ಈ ಸಲ ಕೂತುಕೊಂಡು, ಬಂಡೆಯಿಂದ ಬಂಡೆಗೆ ಮೈ ಸರಿಸುತ್ತ ದಾಟಿದಳು. ನೋಡಲು ಚೆನ್ನಾಗಿರಲಿಲ್ಲ. ಆದರೆ ದಾಟಿದಳು.

ಗಣೇಶನ ಹಬ್ಬಕ್ಕೆ ಸುಬ್ಬು ಮಾವ ಕುಲಕರ್ಣಿ ಬಾಯಿಯ ಮನೆಗೆ ಟ್ರಂಕ್ ಕಾಲ್ ಮಾಡಿದ. ರೂಮು ಮುಗಿದಿದೆ, ಗೋಡೆಗೆ ಸುಣ್ಣ ಒಂದು ಬಾಕಿ, ಡಿಸೆಂಬರಿನಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ ಎಂದ. ಅಮ್ಮ, "ಆಗಲಿ, ಅಷ್ಟರಲ್ಲಿ ನಾವು ಸ್ವಲ್ಪ ತಿರುಗಾಡಿ ಬರ್ತೀವಿ" ಅಂದಳು. ಎಲ್ಲಿಗೆ ಎಂದು ಅವನು ಕೇಳುವಷ್ಟರಲ್ಲಿ ಕಾಲ್ ಮುಗಿಯಿತು. ಮುಗಿಯಿತೋ, ಅಮ್ಮ ಇಟ್ಟಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಕ್ಟೋಬರಿನಲ್ಲಿ ಲತಾಳ ಮದುವೆಯ ಊಟ ಮುಗಿಸಿ, ಮರುದಿನ ದಾದರಿನಿಂದ ಮದ್ರಾಸಿನ ರೈಲು ಹತ್ತಿದೆವು. ಹಡಗಿನಲ್ಲಿ ಕೆಳಗಿನ ಬಂಕ್ ಕ್ಲಾಸು, ಒಂದರ ಮೇಲೊಂದು ಕಬ್ಬಿಣದ ಮಂಚಗಳು, ಡೀಸೆಲ್ಲಿನ ವಾಸನೆ. ಬಂದರು ದಾಟಿದೊಡನೆ ನನ್ನ ಹೊಟ್ಟೆ ತೊಳಸತೊಡಗಿತು, ನೆಲ ಕಾಣುವವರೆಗೂ ಏಳಲಿಲ್ಲ. ಅಮ್ಮನಿಗೆ ಏನೂ ಆಗಲಿಲ್ಲ. ಡೆಕ್ಕಿನ ಮೇಲೆ ತಮಿಳರ, ಬಂಗಾಳಿಗಳ ಸಂಸಾರಗಳ ನಡುವೆ ಕೂತು, ಮಾಟುಂಗಾದಲ್ಲಿ ತರಕಾರಿಯವರ ಜೊತೆ ಕಲಿತ ತಮಿಳು, ವಡಾಲದಲ್ಲಿ ಕಲಿತ ಹಿಂದಿ ಎರಡನ್ನೂ ಕಲಸಿ ಮಾತಾಡುತ್ತ, ಆಗಾಗ ನನಗೆ ನಿಂಬೆಹಣ್ಣು ತಂದು ಕೊಡುತ್ತಿದ್ದಳು. "ಮೇಲೆ ಬಂದು ನೋಡೇ, ಮೀನು ಹಾರ್ತಿವೆ" ಎಂದು ಒಮ್ಮೆ ಓಡಿ ಬಂದು ಹೇಳಿದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಪೋರ್ಟ್ ಬ್ಲೇರಿನಿಂದ ಇನ್ನೊಂದು ಸಣ್ಣ ದೋಣಿಯಲ್ಲಿ ಒಂದು ದ್ವೀಪಕ್ಕೆ ಹೋದೆವು. ಬಂಗಾಳದಿಂದ ಬಂದು ನೆಲೆಸಿದವರ ಹಳ್ಳಿ, ಅದರಾಚೆ ದಟ್ಟ ಕಾಡು, ಕಾಡು ಮುಗಿದಲ್ಲಿ ಕಡಲತೀರ. ತೀರದ ಹತ್ತಿರ ಅರಣ್ಯ ಇಲಾಖೆಯ ಮರದ ಗುಡಿಸಿಲಲ್ಲಿ ಜಾಗ ಸಿಕ್ಕಿತು. ಆ ಕಾಡಿನ ಮರಗಳ ಬೇರುಗಳು ಗೋಡೆಗಳ ಹಾಗೆ ನೆಲದಿಂದ ಎದ್ದು ನಿಂತಿದ್ದವು. ಒಂದು ಬೇರಿನ ಮರೆಯಲ್ಲಿ ಅಮ್ಮ ನಿಂತರೆ ಕಾಣುತ್ತಲೇ ಇರಲಿಲ್ಲ. ತಲೆಯೆತ್ತಿದರೆ ಮೊದಲ ಕೊಂಬೆಯೇ ನಮ್ಮ ಕ್ವಾರ್ಟರ್ಸಿನ ಟೆರೇಸಿಗಿಂತ ಮೇಲೆ. ಜಿಗಣೆಗಳಿಗೆ ಉಪ್ಪಿನ ಪೊಟ್ಟಣ ಕಟ್ಟಿಕೊಂಡು ನಡೆಯುತ್ತಿದ್ದೆವು. ಕಡಲಿನಲ್ಲಿ ಅಲೆಯೇ ಇರುತ್ತಿರಲಿಲ್ಲ. ಅಮ್ಮ ಕಮೀಜು ಹಾಕಿಕೊಂಡೇ ಕುತ್ತಿಗೆಯವರೆಗೆ ನೀರಿಗಿಳಿದು ಸುಮ್ಮನೆ ನಿಂತಿರುತ್ತಿದ್ದಳು. "ಇಷ್ಟು ವರ್ಷ ಕಡಲಿನ ಪಕ್ಕದಲ್ಲೇ ಇದ್ದು ಪಾದ ಬಿಟ್ಟು ಏನೂ ನೆನೆಸಿರಲಿಲ್ಲ" ಅಂದಳು.

ಅಲ್ಲೇ ನನಗೆ ಜ್ವರ ಬಂದಿದ್ದು. ಮೊದಲು ಚಳಿ, ಹಲ್ಲು ಕಟಕಟಿಸುವಷ್ಟು. ಆಮೇಲೆ ಮೈ ಸುಡುವ ತಾಪ. ಒಂದು ದಿನ ಬಿಟ್ಟು ಮತ್ತೆ ಅದೇ. ಮಲೇರಿಯಾ ಎಂದು ಇಬ್ಬರಿಗೂ ಅನುಮಾನವಿರಲಿಲ್ಲ. ಹಳ್ಳಿಯಲ್ಲಿ ಡಾಕ್ಟರಿರಲಿಲ್ಲ. ಪೋರ್ಟ್ ಬ್ಲೇರಿಗೆ ದೋಣಿ ಮರುದಿನ ಮಧ್ಯಾಹ್ನ ಹೊರಡುತ್ತಿತ್ತು, ಅದು ತಪ್ಪಿದರೆ ಮುಂದಿನದು ಯಾವಾಗ ಎಂದು ಯಾರೂ ಖಚಿತವಾಗಿ ಹೇಳಲಿಲ್ಲ. ಜೆಟ್ಟಿಗೆ ಕಾಡಿನೊಳಗಿಂದ ಕಾಲುದಾರಿ. ಹಿಂದಿನ ವಾರದ ಮಳೆಗೆ ಎತ್ತಿನಗಾಡಿ ಬರುವ ರಸ್ತೆ ಕೊಚ್ಚಿಹೋಗಿತ್ತು.

ಅಮ್ಮ ನನ್ನ ಚೀಲವನ್ನು ಎದೆಗೆ ಹಾಕಿಕೊಂಡಳು, ತನ್ನದನ್ನು ಬೆನ್ನಿಗೆ. ನನ್ನ ತೋಳನ್ನು ತನ್ನ ಭುಜದ ಮೇಲೆಳೆದುಕೊಂಡಳು. "ಚೀಲ ಬಿಟ್ಟು ಹೋಗೋಣಮ್ಮ" ಎಂದೆ. "ಇನ್ನೂ ಅರ್ಧ ದೇಶ ಇದೆ. ಬಿಟ್ಟು ಹೋದ್ರೆ ಆಮೇಲೆ ಬಟ್ಟೆಗೆ ಏನು ಮಾಡ್ತೀಯ?" ಅಂದಳು. ನನಗೆ ಆ ದಾರಿ ಅಲ್ಲಲ್ಲಿ ಮಾತ್ರ ನೆನಪಿದೆ. ಕೆಸರಿನಲ್ಲಿ ಮುಳುಗಿ ಬಣ್ಣವೇ ತಿಳಿಯದ ಅವಳ ಬೂಟು. ಕಿವಿಯ ಪಕ್ಕದಲ್ಲೇ ಅವಳ ಏದುಸಿರು. ನಾನು ಕೂತುಬಿಡುತ್ತೇನೆ ಅಂದಾಗಲೆಲ್ಲ, "ಆ ಮರದವರೆಗೆ. ಅಲ್ಲಿ ಕೂರೋಣ" ಎನ್ನುತ್ತಿದ್ದಳು, ಮರ ಬಂದಾಗ ಇನ್ನೊಂದು ಮರ ತೋರಿಸುತ್ತಿದ್ದಳು. ಕಾಡು ಮುಗಿದಲ್ಲಿ ಗದ್ದೆಯಲ್ಲಿದ್ದ ಒಬ್ಬ ಬಂಗಾಳಿ ಹೆಂಗಸು ನಮ್ಮನ್ನು ನೋಡಿ ಓಡಿ ಬಂದು ನನ್ನ ಇನ್ನೊಂದು ಕಡೆ ಹಿಡಿದಳು. ಅವಳು ಬಂಗಾಳಿಯಲ್ಲಿ ಬೈಯುತ್ತಿದ್ದಳು, ಅಮ್ಮ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು.

ದೋಣಿ ಆಗಲೇ ತುಂಬಿತ್ತು. ಹಗ್ಗ ಬಿಚ್ಚುತ್ತಿದ್ದವನು ಜಾಗವಿಲ್ಲ ಎಂದು ಕೈಯಾಡಿಸಿದ. ಅಮ್ಮ ವಡಾಲ ಸ್ಟೇಷನ್ನಿನ ಗದ್ದಲದಲ್ಲಿ ಕಲಿತ ದನಿ ತೆಗೆದಳು. "ಏ ಭಯ್ಯಾ! ಮೇರಾ ಬಚ್ಚಾ ಬಿಮಾರ್ ಹೈ. ಅಂದರ್ ಸರಕೋ, ಸಬ್ ಲೋಗ್ ಸರಕೋ!" ಲೇಡೀಸ್ ಡಬ್ಬಿಯಲ್ಲಿ ಸರಿಯುವ ಹಾಗೆಯೇ ಜನ ಸರಿದರು. ಜಾಗವಾಯಿತು.

ಪೋರ್ಟ್ ಬ್ಲೇರಿನ ಸರ್ಕಾರಿ ಆಸ್ಪತ್ರೆಯಲ್ಲಿ ದಿನಗಳು ಹೋದವು. ಜ್ವರ ಇಳಿಯಿತು, ಶಕ್ತಿ ಬರಲಿಲ್ಲ. ಕಲ್ಕತ್ತೆಯ ಹಡಗಿನಲ್ಲಿ ಈ ಸಲ ಸಮುದ್ರ ಶಾಂತವಾಗಿತ್ತು. ಅಲ್ಲಿ ಇಳಿದು ಟ್ರಾಮಿನಲ್ಲಿ ಕೂತು ಊರು ನೋಡಿದೆವು, ನಡೆದು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಕನ್ನಡಿಯಲ್ಲಿ ಮುಖ ಹಳದಿಯಾಗಿ ಕಾಣುತ್ತಿತ್ತು. ಮನೆಗೆ ಹೋಗಬೇಕು, ಅನ್ನ ಸಾರು ಉಂಡು ನನ್ನ ಮಂಚದಲ್ಲಿ ಮಲಗಬೇಕು, ಅಷ್ಟೇ ಆಸೆ ಉಳಿದಿತ್ತು. ಅಮ್ಮ ಒಂದೇ ಮಾತಿಗೆ ಒಪ್ಪಿದಳು. ನಾಚಿಕೆಯೂ ಸಮಾಧಾನವೂ ಒಟ್ಟಿಗೇ ಆಯಿತು.

ಹೌರಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅಮ್ಮ ಡಬ್ಬಿಯೊಳಗೆ ನನ್ನನ್ನು ಕೂರಿಸಿದಳು. ಎದುರಿಗೆ ಮುಂಬಯಿಯದೇ ಘಾಟ್ಕೋಪರಿನ ಒಂದು ಗುಜರಾತಿ ಸಂಸಾರ. ಅವರ ಹೆಂಗಸನ್ನು ಮಾತಾಡಿಸಿ, "ಬೇಟಿ ಕೋ ಮಲೇರಿಯಾ ಹುವಾ ಥಾ, ಜರಾ ದೇಖನಾ" ಅಂದಳು. ಆಗಲೇ ನನಗೆ ಅವಳ ಚೀಲ ಇನ್ನೂ ಅವಳ ಬೆನ್ನಿನ ಮೇಲೇ ಇರುವುದು ಕಂಡದ್ದು.

"ಚೀಲ ಇಳಿಸಮ್ಮ."

"ನನ್ನ ಟಿಕೆಟ್ ಪುರಿಗೆ. ಸಂಜೆ ಇದೆ ಗಾಡಿ."

ನಾನು ಎದ್ದು ನಿಂತೆ. ತಲೆ ತಿರುಗಿ ಮತ್ತೆ ಕೂತೆ. "ಹುಚ್ಚಾ ನಿನಗೆ? ಒಬ್ಬಳೇ? ಭಾಷೆ ಬರಲ್ಲ, ಊರು ಗೊತ್ತಿಲ್ಲ. ಏನಾದ್ರೂ ಆದ್ರೆ ನಾನು ಮಾವನಿಗೆ ಏನು ಹೇಳ್ಲಿ?"

"ಪುರಿಗೆ ಹೋದಳು ಅಂತ ಹೇಳು."

"ನನಗೆ ಹುಷಾರಿಲ್ಲ ಅಮ್ಮ" ಎಂದೆ. ಅದು ಕಡೆಯ ಅಸ್ತ್ರ. ಅಮ್ಮನ ಮುಖ ಒಂದು ಕ್ಷಣ ಬದಲಾಯಿತು. ನನ್ನ ಹಣೆ ಮುಟ್ಟಿ ನೋಡಿದಳು, ಕುತ್ತಿಗೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

"ನಿನಗೆ ಹುಷಾರಿಲ್ಲದಾಗ ನಾನು ಇದ್ದೆ. ಈಗ ನಿನಗೆ ಬೇಕಾಗಿರೋದು ಊಟ, ನಿದ್ದೆ. ಕುಲಕರ್ಣಿ ಬಾಯಿಗೆ ಫೋನ್ ಮಾಡಿದೀನಿ, ವೀಟಿ ಸ್ಟೇಷನ್ನಿಗೆ ಅವರ ಮಗ ಬರ್ತಾನೆ, ಊಟ ಅವರಲ್ಲೇ" ಅಂದಳು. ಆಮೇಲೆ ದನಿ ತಗ್ಗಿಸಿ, "ಇಲ್ಲಿಂದ ವಾಪಸು ಬಂದ್ರೆ ನಾನು ನಿನ್ನ ಜೊತೆ ಬಂದವಳು ಅಷ್ಟೇ ಆಗ್ತೀನಿ ಕಣೇ. ಹೋಗು. ಬಿಸಿನೀರು ಕುಡಿ" ಎಂದಳು.

ಗಾಡಿ ಹೊರಟಿತು. ಕಿಟಕಿಯ ಸರಳಿಗೆ ಮುಖ ಒತ್ತಿ ನೋಡಿದೆ. ಅಮ್ಮ ಕೈ ಬೀಸುತ್ತ ಸ್ವಲ್ಪ ದೂರ ಜೊತೆಗೆ ನಡೆದಳು. ನಂತರ ಜನರ ನಡುವೆ ಆ ಹಸಿರು ಚೀಲ ಮಾತ್ರ ಕಾಣುತ್ತಿತ್ತು. ಗುಜರಾತಿ ಹೆಂಗಸು ನನಗೆ ಥೇಪ್ಲಾ ರೊಟ್ಟಿ ಕೊಟ್ಟು, "ಮಮ್ಮಿ ಕಹಾಂ ಗಯೀ?" ಎಂದಳು. ನಾನು ಅಳುತ್ತ, "ಘೂಮನೇ" ಎಂದೆ.

ಡಿಸೆಂಬರಿನ ಮೊದಲಲ್ಲೇ ಸುಬ್ಬು ಮಾವ ಬಂದುಬಿಟ್ಟ. ಬಾಗಿಲಿನಲ್ಲಿ ನಿಂತು ಒಳಗೆ ಕಣ್ಣಾಡಿಸಿ, "ಅಕ್ಕ ಎಲ್ಲೇ?" ಎಂದು ಕೇಳಿದ. ಹೇಳಿದೆ. ಅವನು ಟ್ರಂಕಿನ ಮೇಲೆ ಕೂತ. ಆಮೇಲೆ ಕೂಗಾಡಿದ. ಹೆಣ್ಣುಮಕ್ಕಳಿಗೆ ಬುದ್ಧಿ ಬೇಡವೇ, ಐವತ್ತು ವರ್ಷದವಳನ್ನು ಬೀದಿಗೆ ಬಿಟ್ಟು ಬಂದಿದ್ದೀಯಲ್ಲ, ಭಾವ ಇದ್ದಿದ್ದರೆ ಹೀಗಾಗುತ್ತಿತ್ತೇ ಎಂದು. ಅವನ ಸಿಟ್ಟಿಗೆ ಕಾರಣವಿತ್ತು. ನನಗೂ ಒಳಗೆ ಅದೇ ಹೆದರಿಕೆಯಿತ್ತು. ಪುರಿಯಿಂದ ಒಮ್ಮೆ, ವಿಶಾಖಪಟ್ಟಣದಿಂದ ಒಮ್ಮೆ ಕುಲಕರ್ಣಿ ಬಾಯಿಗೆ ಫೋನ್ ಬಂದಿತ್ತು, ಆಮೇಲೆ ಸುದ್ದಿಯಿರಲಿಲ್ಲ. ಮಾವ ದಿನವೂ ಪೊಲೀಸರಿಗೆ ತಿಳಿಸೋಣ ಎನ್ನುತ್ತಿದ್ದ, ನಾನು ಇನ್ನೊಂದು ದಿನ ನೋಡೋಣ ಎನ್ನುತ್ತಿದ್ದೆ. ಈ ನಡುವೆ ನಾನು ಸಂಜೆಗಳಲ್ಲಿ ಬಾಡಿಗೆ ಮನೆ ಹುಡುಕತೊಡಗಿದ್ದೆ, ಹಾಸ್ಟೆಲ್ಲಲ್ಲ. ರೈಲಿನಲ್ಲಿ ಸಿಕ್ಕ ಗುಜರಾತಿ ಸಂಸಾರದವರೇ ಘಾಟ್ಕೋಪರಿನ ಒಂದು ಸೊಸೈಟಿಯಲ್ಲಿ ಒಂದು ರೂಮು, ಅಡುಗೆಮನೆ ತೋರಿಸಿದರು. ಇಬ್ಬರಿಗೆ ಸಾಕಾಗುವಂಥದ್ದು.

ಒಂದು ಮಧ್ಯಾಹ್ನ ಕುಲಕರ್ಣಿ ಬಾಯಿ ಬಾಗಿಲು ಬಡಿದರು. ನಾನು ಓಡಿದೆ, ಮಾವ ನನಗಿಂತ ಮೊದಲು ಓಡಿ ರಿಸೀವರ್ ಹಿಡಿದ.

"ಅಕ್ಕಾ! ಎಲ್ಲಿದೀಯ?"

ಅಮ್ಮನಿಗೆ ಫೋನಿನಲ್ಲಿ ಕೂಗಿ ಮಾತಾಡುವ ಅಭ್ಯಾಸ. ನನಗೂ ಕೇಳಿಸುತ್ತಿತ್ತು. "ಕನ್ಯಾಕುಮಾರಿ. ಸುಬ್ಬು, ಇಲ್ಲಿ ಬರೀ ನೀರಲ್ಲ ಕಣೋ. ಮೂರು ಬಣ್ಣದ ಮರಳಿದೆ!"

"ನಾನು ಬಂದು ಕರ್ಕೊಂಡು ಬರ್ತೀನಿ. ಅಲ್ಲೇ ಇರು."

"ನೀನು ಬರೋ ಹೊತ್ತಿಗೆ ನಾನು ಇರಲ್ಲ. ನಾಳೆ ಬಸ್ಸಿಗೆ ಕೇರಳ. ಆಮೇಲೆ ಲತಾ ಮನೆ. ವಸುಧಾ ಊಟ ಮಾಡ್ತಿದಾಳಾ?"

ಮಾವ ರಿಸೀವರ್ ನನ್ನ ಕೈಗೆ ಕೊಟ್ಟು ಗೋಡೆಗೆ ಒರಗಿದ. ಅವನ ಕಣ್ಣು ತುಂಬಿತ್ತು. ಸಿಟ್ಟು ಆ ದಿನವೇ ಹೋಯಿತೆಂದು ಕಾಣುತ್ತದೆ. ಮರುದಿನ ನನ್ನ ಜೊತೆ ಘಾಟ್ಕೋಪರಿಗೆ ಬಂದು ಆ ರೂಮಿನ ಕಿಟಕಿ, ಚಿಲಕ, ನಲ್ಲಿ ಎಲ್ಲ ತಿರುಗಿಸಿ ನೋಡಿದ. "ಗಾಳಿ ಬರತ್ತೆ" ಎಂದಷ್ಟೇ ಹೇಳಿದ.

ಕ್ರಿಸ್‌ಮಸ್ಸಿನ ಹಿಂದುಮುಂದು ಒಂದು ಬೆಳಿಗ್ಗೆ ಮಂಗಳೂರಿನ ಬಸ್ಸು ವಡಾಲದ ಹತ್ತಿರದ ಸಾಯನ್ನಿನಲ್ಲಿ ನಿಂತಿತು. ಲತಾ ಫೋನ್ ಮಾಡಿ ಬಸ್ಸಿನ ಸಮಯ ಹೇಳಿದ್ದಳು, ಮಾವನೂ ನಾನೂ ಕಾಯುತ್ತಿದ್ದೆವು. ಅಮ್ಮ ಇಳಿದಳು. ಕಪ್ಪಗಾಗಿದ್ದಳು, ಮೈ ಇಳಿದಿತ್ತು, ಕಂದು ಕಮೀಜಿನ ತೋಳು ಒಂದು ಕಡೆ ಹರಿದು ಹೊಲಿಗೆ ಹಾಕಿತ್ತು. ಅಕ್ಕನನ್ನು ಆ ಉಡುಪಿನಲ್ಲಿ ಮಾವ ನೋಡಿದ್ದು ಅದೇ ಮೊದಲು. ಏನಾದರೂ ಅಂದುಬಿಡುತ್ತಾನೆಂದುಕೊಂಡೆ. ಅವನು ಬಗ್ಗಿ ಅವಳ ಕಾಲು ಮುಟ್ಟಿದ.

ಮನೆಗೆ ಬಂದು ಸ್ನಾನ ಮಾಡಿ ಅಮ್ಮ ಅನ್ನ ಹುಳಿ ಮಾಡಿದಳು. ಉಣ್ಣುವಾಗ ಒಂದೇ ಸಮ ಮಾತು. ವಿಶಾಖಪಟ್ಟಣದಲ್ಲಿ ಯಾರದೋ ಮನೆಯ ಮದುವೆಗೆ ಹೋಗಿ ಊಟ ಮಾಡಿದ್ದು, ರಾಮೇಶ್ವರದಲ್ಲಿ ಬೂಟು ಕಳವಾಗಿ ಬರಿಗಾಲಲ್ಲಿ ಮಾರ್ಕೆಟ್ಟಿಗೆ ನಡೆದಿದ್ದು, ಕೇರಳದ ಕಾಡಿನ ರಸ್ತೆಯಲ್ಲಿ ಆನೆ ಅಡ್ಡ ನಿಂತು ಇಡೀ ಬಸ್ಸು ಉಸಿರು ಬಿಗಿಹಿಡಿದು ಕೂತಿದ್ದು. ಮಾವ ಮೊಸರನ್ನಕ್ಕೆ ಬಂದಾಗ ಕೇಳಿದ: "ಹೆದರಿಕೆ ಆಗ್ಲಿಲ್ವ ಅಕ್ಕ?"

"ಆಗದೆ ಏನು? ಪುರಿಯಲ್ಲಿ ಮೊದಲ ದಿನ ಛತ್ರದ ರೂಮಿನ ಬಾಗಿಲು ಹಾಕ್ಕೊಂಡು ಅತ್ತೆ. ಇವಳನ್ನ ಹಾಗೆ ಕಳಿಸಿಬಿಟ್ಟೆನಲ್ಲಾ ಅಂತ ಅತ್ತೆ, ಇವರನ್ನ ನೆನೆಸಿಕೊಂಡು ಅತ್ತೆ. ವಾಪಸು ಬರೋ ಗಾಡಿ ಯಾವಾಗ ಅಂತ ಕೇಳೋಣ ಅಂತ ಎದ್ದೆ. ಹೊಟ್ಟೆ ಹಸೀತಿತ್ತು. ಮೊದಲು ಏನಾದ್ರೂ ತಿನ್ನೋಣ ಅಂತ ಹೊರಗೆ ಹೋದೆ. ತಿಂದೆ. ಎದುರಿಗೇ ಕಡಲಿತ್ತು. ಹೋದೆ." ಅಷ್ಟು ಹೇಳಿ ಮಜ್ಜಿಗೆ ಬಡಿಸಿದಳು.

ಊಟವಾದ ಮೇಲೆ ನಾನು ಘಾಟ್ಕೋಪರಿನ ರೂಮಿನ ವಿಷಯ ಎತ್ತಿದೆ. ಹೇಗೆ ಹೇಳುವುದೆಂದು ದಿನಗಟ್ಟಲೆ ಯೋಚಿಸಿದ್ದೆ. ಅಮ್ಮ ಎರಡೇ ಪ್ರಶ್ನೆ ಕೇಳಿದಳು, ಎಷ್ಟನೆಯ ಮಹಡಿ, ಸ್ಟೇಷನ್ ನಡೆಯುವಷ್ಟು ಹತ್ತಿರವೋ ಎಂದು. ಮಾವ ತಲೆ ತಗ್ಗಿಸಿ ಅಡಿಕೆ ಕತ್ತರಿಸುತ್ತ ಕೂತಿದ್ದ. ಕಡೆಗೆ ಮೆಲ್ಲಗೆ ಹೇಳಿದ: "ರೂಮು ಕಟ್ಟಿಸಿಬಿಟ್ಟಿದೀನಿ ಅಕ್ಕ. ಸುಣ್ಣಾನೂ ಆಯ್ತು. ಬರಲ್ವಾ ಹಾಗಾದ್ರೆ?"

ಅಮ್ಮ ಅವನ ಪಕ್ಕದಲ್ಲಿ ಹೋಗಿ ಕೂತಳು. ಚಿಕ್ಕವನಿದ್ದಾಗ ಮಾಡುತ್ತಿದ್ದಳೇನೋ, ಅವನ ತಲೆಯ ಮೇಲೆ ಕೈಯಿಟ್ಟು ಕೂದಲು ಕೆದರಿದಳು.

"ಬರದೆ ಏನು ಸುಬ್ಬು? ಬೇಸಿಗೆಗೆ ಬರ್ತೀನಿ" ಎಂದಳು. "ಬಂದು ಹೋಗ್ತೀನಿ."